ಗಿಡದ ಓಣಿಗೆ ಯಾವ ಬಣ್ಣ?

“ಆ ಡಬ್ಬಿ ಕೆಳಗ ಇಡ್ರಿ!”

ರುಬಿಯಾಳ ದನಿಗೆ ಮುತ್ತಲ ಗಿಡದ ಹಿಂದಿದ್ದ ಮನುಷ್ಯ ಬೆಚ್ಚಿಬಿದ್ದ. ಅವನ ಬಲಗೈಯಲ್ಲಿ ಬ್ರಷ್ಷು, ಎಡಗೈಯಲ್ಲಿ ಕೆಂಪು ಬಣ್ಣದ ಡಬ್ಬಿ. ಗಿಡದ ಬೊಡ್ಡೆಯ ಮೇಲೆ ಇನ್ನೂ ಒಣಗದ ಅಂಕಿ... ನೂರಾ ಹದಿನೇಳು.

ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಆಸ್ಪತ್ರೆಯಲ್ಲಿ ಅರವತ್ತು ಕೂಸುಗಳಿಗೆ ಲಸಿಕೆ ಹಾಕಿ ಬಂದಿದ್ದಳು ರುಬಿಯಾ. ಕಾಲು ಬಾತಿದ್ದವು. ಮನೆಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡರೆ ಸಾಕು ಅಂದುಕೊಂಡೇ ನಡೆದು ಬಂದಿದ್ದಳು. ಬಾಗಿಲ ಮುಂದೆ ನೋಡಿದರೆ ಇದು!

“ಈ ಗಿಡ ಕಡ್ಯಾಕ ಯಾರು ಹೇಳ್ಯಾರ ನಿಮಗ?”

“ಕಡ್ಯಾಕ ಅಲ್ರಿ...”

“ನನಗ ಗೊತ್ತಿಲ್ಲೇನು? ಹೈವೇ ಬಾಜುಕ ಹಿಂಗ ಕೆಂಪು ನಂಬರ್ ಬರದ್ರು. ವಾರದಾಗ ಒಂದ ಗಿಡ ಉಳೀಲಿಲ್ಲ!”

ಸಿಟ್ಟಿನಲ್ಲಿ ಬ್ರಷ್ಷನ್ನು ಕಸಿದುಕೊಳ್ಳಲು ಕೈ ಹಾಕಿದಳು. ಬಣ್ಣ ಚಿಮ್ಮಿ ಅವಳ ಬಿಳಿ ಕೋಟಿನ ತೋಳೆಲ್ಲ ಕೆಂಪಾಯಿತು. ಅವನು ಗಾಬರಿಯಿಂದ ಡಬ್ಬಿ ಕೆಳಗಿಟ್ಟ.

“ತಪ್ಪಾತ್ರಿ... ನಾ ಎಣಸಾಕ ಬಂದೀನ್ರಿ, ಕಡ್ಯಾಕಲ್ಲ. ಊರಿನ ಹೊಸ ನಕ್ಷಾ ಮಾಡಾಕತ್ತೇವಿ. ಇವತ್ತು ಏನೇನೈತಿ ಅಂತ ಬರದು ಇಡದಿದ್ರ, ನಾಳೆ ಇಲ್ಲೇನೂ ಇರಲೇ ಇಲ್ಲ ಅಂತಾರ. ಅದಕ್ಕ ನಂಬರ್.”

ರುಬಿಯಾ ಅವನನ್ನು ದಿಟ್ಟಿಸಿ ನೋಡಿದಳು. ಸುಳ್ಳು ಹೇಳುವವನ ಮುಖದಂತಿರಲಿಲ್ಲ ಅದು. ಬಿಸಿಲಿಗೆ ಕಪ್ಪಾದ, ನಿದ್ದೆ ಸಾಲದ, ನಲವತ್ತರ ಆಸುಪಾಸಿನ ಮುಖ. ‘ಇಂವಾ ನನಗಿಂತ ಹೆಚ್ಚು ದಣದಾನ’ ಅನ್ನಿಸಿತು ಅವಳಿಗೆ. ಯಾಕೋ ಸಿಟ್ಟು ಅಲ್ಲೇ ಇಳಿದುಹೋಯಿತು.

“ಹೆಸರೇನ್ರಿ?”

“ಜಾಕೀರ್ ಅಂತರಿ. ಸರ್ವೇದಾಂವ.”

* * *

ಕಲಘಟಗಿಯಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಬಯಲು ಮುಗಿದು ಕಾಡು ಶುರುವಾಗುವಲ್ಲಿ ಮುತ್ತಲಗಟ್ಟಿ ಅನ್ನುವ ಸಣ್ಣ ಊರು. ಅದರ ಪಡುವಣ ಅಂಚಿಗೆ ಗಿಡದ ಓಣಿ. ಹೆಸರಿಗೆ ಓಣಿ, ಕಾಣುವುದಕ್ಕೆ ಕುರುಚಲು ಕಾಡು. ಕವಳಿ ಕಂಟಿ, ಕಾರಿ ಕಂಟಿ, ಬೇವು, ಮತ್ತಿ, ಮುತ್ತಲ... ನಡುವೆ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಒಟ್ಟು ಇಪ್ಪತ್ತೆರಡು. ಒಂದು ಮನೆಯಿಂದ ಇನ್ನೊಂದು ಕಾಣುವುದಿಲ್ಲ, ಕುಕ್ಕರಿನ ಸೀಟಿ ಮಾತ್ರ ಕೇಳುತ್ತದೆ. ಕಾಂಪೌಂಡ್ ಗೋಡೆ ಯಾರಿಗೂ ಇಲ್ಲ. ಕಾಲುದಾರಿ ಗಿಡಗಳನ್ನು ಸುತ್ತಿಕೊಂಡು ಹೋಗುತ್ತದೆ.

ನಲವತ್ತು ವರ್ಷಗಳ ಹಿಂದೆ ಕೆಲವು ಮಾಸ್ತರರು ಸೇರಿ ಈ ಜಾಗ ಕೊಂಡಾಗ, ‘ಅರ್ಧ ಎಕರೆಗೆ ಒಂದೇ ಮನಿ, ಗಿಡ ಬಿಟ್ಟು ಉಳಿದ ಜಾಗದಾಗ’ ಅಂತ ಮಾತಾಡಿಕೊಂಡಿದ್ದರು. ಕಾಗದವಿಲ್ಲದ ಆ ಮಾತು ಇಷ್ಟು ವರ್ಷ ನಡೆದುಬಂದಿತ್ತು. ಆ ಮಾಸ್ತರರ ಪೈಕಿ ಈಗ ಉಳಿದವರು ದ್ವಾರಕಾಬಾಯಿ ಒಬ್ಬರೇ. ಎಪ್ಪತ್ತೆರಡರ ವಯಸ್ಸಿನಲ್ಲೂ ಊರಿನ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತ ಗಟ್ಟಿಯಾಗಿದ್ದರು.

ರುಬಿಯಾ ಇಲ್ಲಿಗೆ ಬಂದು ಎಂಟು ವರ್ಷ. ಹುಬ್ಬಳ್ಳಿಯಲ್ಲಿ ಎರಡು ವರ್ಷ ಸಂಸಾರ ಮಾಡಿ ತಲಾಖ್ ಪಡೆದು ಬಂದವಳು. ಆ ಮನೆಯ ಕಿಟಕಿ ತೆರೆದರೆ ಒಂದು ಗೇಣು ಅಂತರದಲ್ಲಿ ಬಾಜು ಮನೆಯ ಗೋಡೆ. ಗಂಡನ ಬೈಗುಳ ಒಂದಿಷ್ಟೂ ಹೊರಗೆ ಹೋಗದೆ ಆ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಇಲ್ಲಿ ಮೊದಲ ದಿನ ಕಿಟಕಿ ತೆರೆದಾಗ ಒಂದು ಕೆಂಬೂತ ಅವಳನ್ನೇ ನೋಡುತ್ತ ಕೂತಿತ್ತು. ಅವತ್ತು ಅವಳು ಅತ್ತಿದ್ದಳು... ಸಂತೋಷಕ್ಕೆ.

ಇಂಥ ಓಣಿಗೆ ನಾಲ್ಕು ವರ್ಷದಿಂದ ಕುತ್ತು ಬಂದಿತ್ತು. ಮೂವತ್ತು ನಲವತ್ತರ ಸೈಟು ಮಾಡುವವರು, ಅಗಲ ರಸ್ತೆ ಕೇಳುವವರು. ರುಬಿಯಾ ಅರ್ಜಿ ಬರೆದು ಬರೆದು ಸೋತಿದ್ದಳು. ಈಗ ಊರಿಗೆ ಮಾಸ್ಟರ್ ಪ್ಲಾನ್ ಬರುತ್ತಿದೆ, ಅದರಲ್ಲಿ ಬಂದದ್ದೇ ಕೊನೆ ಅಂತ ಎಲ್ಲರೂ ಹೇಳುತ್ತಿದ್ದರು.

* * *

ಮರುದಿನದಿಂದ ಅವಳೂ ಎಣಿಕೆಗೆ ಜೊತೆಯಾದಳು. ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಜಾಕೀರ್ ಟೇಪು ಹಿಡಿದು ಕಾಯುತ್ತಿದ್ದ. ಮನೆಮಾತು ಇಬ್ಬರದೂ ಉರ್ದು. ಆದರೆ ಮಾತು ಶುರುವಾದದ್ದು ಕನ್ನಡದ ಜಗಳದಿಂದ, ಹಾಗೇ ಕನ್ನಡದಲ್ಲೇ ಉಳಿಯಿತು.

“ಸಿಸ್ಟರ್, ಇದೇನು ಗಿಡರೀ?”

“ಕವಳಿ. ಮೇ ತಿಂಗಳದಾಗ ಬರ್ರಿ, ಹಣ್ಣು ತಿನ್ನಾಕ.”

“ಮೇ ತಿಂಗಳದಾಗ ನಾ ಯಾವ ಊರಾಗ ಇರ್ತೀನೋ...”

ಆ ಮಾತಿನಲ್ಲಿ ದುಃಖವಿರಲಿಲ್ಲ. ಅದೇ ಅವಳನ್ನು ಚುಚ್ಚಿತು. ಅವನ ಹೆಂಡತಿ ತೀರಿಕೊಂಡು ಆರು ವರ್ಷ. ಅಂದಿನಿಂದ ಗುಡಗೇರಿ, ಅಣ್ಣಿಗೇರಿ, ನವಲಗುಂದ ಅಂತ ಬಾಡಿಗೆ ಖೋಲಿಗಳಲ್ಲೇ ಅವನ ಬದುಕು. ಎಲ್ಲ ಊರುಗಳ ನಕ್ಷೆ ಬರೆದವನಿಗೆ ತನ್ನದು ಅಂತ ಒಂದು ಊರಿರಲಿಲ್ಲ.

ಫೆಬ್ರುವರಿಯ ಒಂದು ಸಂಜೆ. ಮುತ್ತಲ ಹೂ ಬಿಟ್ಟು ಓಣಿಯೆಲ್ಲ ಕೆಂಪಾಗಿತ್ತು. ರುಬಿಯಾ ದ್ವಾರಕಾಬಾಯಿಯ ಅಂಗಳದ ಕಲ್ಲುಬೆಂಚಿನ ಮೇಲೆ ಕೂತವಳು, ಎರಡು ಗಿಡದ ಹೆಸರು ಹೇಳಿ ಮೂರನೆಯದಕ್ಕೆ ನಿದ್ದೆಗೆ ಜಾರಿದಳು.

ಕಣ್ಣು ಬಿಟ್ಟಾಗ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಜಾಕೀರ್ ಎದುರಿಗೆ ನಿಂತಿದ್ದ, ನಕ್ಷೆಯ ದೊಡ್ಡ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅವಳ ಮುಖಕ್ಕೆ ಬಿಸಿಲು ಬೀಳದಂತೆ.

“ಎಷ್ಟೊತ್ತಾತು?” ಗಾಬರಿಯಿಂದ ಎದ್ದಳು.

“ಭಾಳ ಇಲ್ರಿ.”

“ಒಂದು ತಾಸಾತಲೇ!” ಒಳಗಿನಿಂದ ದ್ವಾರಕಾಬಾಯಿ ಕೂಗಿದರು. “ಕೈ ನೋಯ್ತಾವ, ಕೂತ್ಕೋ ಅಂತ ಇವಗ ಹೇಳಿ ಹೇಳಿ ಸಾಕಾತು ನನಗ!”

ಎಷ್ಟು ವರ್ಷವಾಗಿತ್ತು... ಅವಳು ದಣಿದದ್ದನ್ನು ಯಾರಾದರೂ ನೋಡಿ!

“ಎಬ್ಬಸಬೇಕಿತ್ತು...”

“ನೀವು ಅಷ್ಟು ಸಮಾಧಾನದಾಗ ಇದ್ದದ್ದು ನಾ ನೋಡಿರಲಿಲ್ಲ, ಸಿಸ್ಟರ್.”

“ಸಿಸ್ಟರ್ ಅಂತ ರೋಗಿಗಳು ಕರೀತಾರ” ಅಂದಳು. ಅಂದ ಮೇಲೆ ತನ್ನ ಧೈರ್ಯಕ್ಕೆ ತಾನೇ ನಾಚಿದಳು.

ಅವನು ಹಾಳೆಯನ್ನು ಸುರುಳಿ ಸುತ್ತಿದ. ಆಮೇಲೆ ಮೆಲ್ಲಗೆ, ಮೊದಲ ಸಲ... “ರುಬಿಯಾ.”

ಆ ವಾರ ಎಣಿಕೆ ಮುಗಿಯಿತು. ಸಾವಿರದ ನಾಲ್ಕುನೂರಾ ಹನ್ನೆರಡು ಗಿಡ. ಹೊರಡುವಾಗ ಜಾಕೀರ್ ಹೇಳಿದ, “ಈ ಓಣಿ ಇದ್ದಂಗ ಉಳಿಯೂ ಹಾಂಗ ನಕ್ಷಾ ಮಾಡ್ತೀನಿ. ನನ್ನ ಮ್ಯಾಲ ಬಿಡ್ರಿ.”

ಅವಳು ಬಿಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಆ ಭಾರವನ್ನು ಇನ್ನೊಬ್ಬರ ಮೇಲೆ ಬಿಟ್ಟು ನೆಮ್ಮದಿಯಿಂದ ನಿದ್ದೆ ಮಾಡಿದಳು.

* * *

ಮಾರ್ಚ್ ಕೊನೆಗೆ ಪಟ್ಟಣ ಪಂಚಾಯಿತಿಯ ಗೋಡೆಯ ಮೇಲೆ ಕರಡು ನಕ್ಷೆ ಅಂಟಿಸಿದರು. ಆಕ್ಷೇಪಣೆಗೆ ಅರವತ್ತು ದಿನ.

ಗಿಡದ ಓಣಿಗೆ ಹಳದಿ ಬಣ್ಣ. ಹಳದಿ ಅಂದರೆ ವಸತಿ. ಹಳೇ ಪೇಟೆಗೆ ಬಳಿದದ್ದೂ ಅದೇ ಹಳದಿ. ಒತ್ತೊತ್ತಿಗೆ ಸೈಟು ಮಾಡಬಹುದು, ಮನೆಗೆ ಮನೆ ಅಂಟಿಸಿ ಕಟ್ಟಬಹುದು. ಅದರ ನಡುವೆ, ಸ್ಕೇಲ್ ಇಟ್ಟು ಎಳೆದಂತೆ ನಲವತ್ತು ಅಡಿ ರಸ್ತೆ. ದ್ವಾರಕಾಬಾಯಿಯ ಕಲ್ಲುಬೆಂಚು, ರುಬಿಯಾಳ ಅಂಗಳ, ಎಲ್ಲವನ್ನೂ ಸೀಳಿಕೊಂಡು...

ಕೆಳಗೆ ಸಣ್ಣ ಅಕ್ಷರ. ‘ನಕ್ಷೆ ತಯಾರಿಸಿದವರು: ಜಾಕೀರ್ ಎಂ. ನದಾಫ್.’ ಪಕ್ಕಕ್ಕೆ ಸಹಿ.

ರುಬಿಯಾ ಆ ಹೆಸರನ್ನು ಎರಡು ಸಲ ಓದಿದಳು. ನೇರ ಊರೊಳಗಿನ ಅವನ ಬಾಡಿಗೆ ಖೋಲಿಗೆ ಹೋದಳು. ಅವನು ಬಾಗಿಲಲ್ಲೇ ನಿಂತಿದ್ದ, ಬರುತ್ತಾಳೆಂದು ಗೊತ್ತಿದ್ದವನಂತೆ.

“ಒಂದ ಮಾತು ಹೇಳ್ರಿ. ಆ ಸಹಿ ನಿಮ್ದೇನು?”

“ನಂದ. ಆದ್ರ ರುಬಿಯಾ...”

“ಸಾಕು.”

“ಒಂದೆರಡು ಮಾತು ಕೇಳ್ರಿ...”

“ಗಿಡದ ಹೆಸರು ಎಲ್ಲಾ ನಾನ ಹೇಳಿಕೊಟ್ಟೆ. ಎಲ್ಲಿ ಯಾವುದೈತಿ ಅಂತ ಕೈ ಹಿಡದು ತೋರಿಸಿದೆ. ರಸ್ತಾ ಎಳ್ಯಾಕ ಭಾಳ ಅನುಕೂಲ ಆತಲ್ಲ ನಿಮಗ!”

ಅವನ ಮುಖ ಬಿಳುಚಿಕೊಂಡಿತು. ಅವಳು ತಿರುಗಿ ನಡೆದಳು. ಅಳು ಕೂಡ ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

* * *

ಅರವತ್ತು ದಿನ ಅವಳು ಮನೆಮನೆಗೆ ತಿರುಗಿದಳು. ಬೆಳಗ್ಗೆ ಸೂಜಿ, ಮಾತ್ರೆ, ಬಿ.ಪಿ. ಮಧ್ಯಾಹ್ನದ ಮೇಲೆ ಆಕ್ಷೇಪಣೆ ಕಾಗದ. ಕೆಲವರು ಸಹಿ ಹಾಕಿದರು, ಕೆಲವರು ಕಾಗದ ಇಟ್ಟು ಹೋಗು ಅಂದರು. ಮೂರು ಮನೆ ಆಚೆಯ ಕರಿಸಿದ್ದಪ್ಪ ಮಾತ್ರ ಕಾಗದ ವಾಪಸ್ ಕೊಟ್ಟ.

“ಸಿಟ್ಟಾಗಬ್ಯಾಡವ್ವಾ. ನನಗ ಇಬ್ಬರು ಹೆಣ್ಮಕ್ಕಳು. ಇಬ್ಬರಿಗೂ ಇಲ್ಲೇ ಸೂರು ಮಾಡಿ ಕೊಡಬೇಕಂತ ನನ್ನ ಆಸೆ. ಒಂದ ಮನಿ, ಒಂದ ಮನಿ ಅಂದ್ರ ಒಬ್ಬಾಕಿ ಎಲ್ಲಿ ಹೋಗಬೇಕು?”

ಅವನು ಹೇಳಿದ್ದು ತಪ್ಪು ಅಂತ ರುಬಿಯಾಳಿಗೂ ಅನ್ನಿಸಲಿಲ್ಲ. ಮನೆಗೆ ಬಂದು ಕತ್ತಲೆಯ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. ‘ಯಾರ ಸಲುವಾಗಿ ನಾನು ಇಷ್ಟು ಒದ್ದಾಡಾಕತ್ತೀನಿ? ಗಿಡದ ಸಲುವಾಗೇನ... ಮಂದಿ ಸಲುವಾಗೇನ... ಮತ್ತೊಂದು ಗೋಡಿ ನೋಡೂ ಅಂಜಿಕಿಗೇನ?’

ಪಂಚಾಯಿತಿಯಲ್ಲಿ ಆಕ್ಷೇಪಣೆಗಳ ವಿಚಾರಣೆಗೆ ನಾಲ್ಕು ದಿನ ಉಳಿದಾಗ ದ್ವಾರಕಾಬಾಯಿ ಒಂದು ದಪ್ಪ ಲಕೋಟೆ ತಂದು ಅವಳ ಮುಂದೆ ಇಟ್ಟರು.

“ಜಾಕೀರ್ ಕೊಟ್ಟು ಹೋಗ್ಯಾನ. ಮೂರು ಸರ್ತೆ ಬಂದಿದ್ದ. ನಿನ್ನ ಬಾಗಿಲಾ ಬಡಿಯೋ ಧೈರ್ಯ ಆಗಲಿಲ್ಲ ಅವಗ.”

“ಕಾಕೂ, ನನಗ ಬ್ಯಾಡ ಅದು.”

“ನಿನ್ನ ದಣಿವು ನಾ ಬಲ್ಲೆ. ಆದ್ರ ಒಬ್ಬ ಮನುಷ್ಯಾ ಏನು ಹೇಳ್ತಾನ ಅಂತ ಕೇಳೋದಕ್ಕೂ ಆಗದಷ್ಟು ದಣದೀ ಏನು? ಓದು. ಓದಿ ಆಮ್ಯಾಲ ಹರದು ಒಗಿ ಬೇಕಾದ್ರ!”

ಮುದುಕಿ ಎದ್ದು ಹೋದ ಮೇಲೆ ರುಬಿಯಾ ಲಕೋಟೆ ಬಿಚ್ಚಿದಳು.

ಒಳಗೆ ಗಿಡಗಳ ಪೂರ್ತಿ ಪಟ್ಟಿ, ಅವಳು ಹೇಳಿದ ಹೆಸರುಗಳಲ್ಲೇ. ಆಮೇಲೆ ಟೈಪ್ ಮಾಡಿದ ಎರಡು ಹಾಳೆ, ‘ಗಿಡದ ಓಣಿಗೆ ವಿಶೇಷ ನಿಯಮಗಳು’. ಅರ್ಧ ಎಕರೆಗಿಂತ ಸಣ್ಣ ತುಣುಕು ಮಾಡಬಾರದು. ಕಾಂಪೌಂಡ್ ಗೋಡೆ ಬೇಡ, ಕಂಟಿಯ ಬೇಲಿ ಸಾಕು. ಗಿಡಕ್ಕಿಂತ ಎತ್ತರ ಕಟ್ಟಬಾರದು. ದಾರಿ ಈಗ ಇದ್ದಂತೆಯೇ ಇರಬೇಕು. ಮಕ್ಕಳಿಗಾಗಿ ಅದೇ ಜಾಗದಲ್ಲಿ, ಗಿಡ ಕಡಿಯದೆ, ಎರಡನೆಯ ಮನೆ ಕಟ್ಟಿಕೊಳ್ಳಬಹುದು.

ಕರಿಸಿದ್ದಪ್ಪನ ಪ್ರಶ್ನೆಗೆ ಉತ್ತರ! ಅವಳಿಗೆ ಹೊಳೆಯದೇ ಇದ್ದದ್ದು ಜಾಕೀರನಿಗೆ ಹೊಳೆದಿತ್ತು.

ಕೊನೆಗೆ ಒಂದು ಚೀಟಿ.

‘ರುಬಿಯಾ ಅವರಿಗೆ,

ಹಸಿರು ಬಣ್ಣ ಹಾಕಿದ್ದರೆ ಅಲ್ಲಿ ಮನೆಯೇ ಇರಬಾರದು ಅಂತ ಆಗುತ್ತಿತ್ತು. ನಿಮ್ಮ ಹೆಂಚು ಬದಲಿಸಲೂ ಪರವಾನಿಗೆ ಸಿಗುತ್ತಿರಲಿಲ್ಲ. ಹಳದಿ ಹಾಕಿದರೆ ಗಿಡ ಉಳಿಯುವುದಿಲ್ಲ. ಮನೆ, ಗಿಡ ಎರಡೂ ಕೂಡಿ ಇರುವುದಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಬಣ್ಣವೇ ಇಲ್ಲ. ಅದಕ್ಕೇ ಹಳದಿ ಹಾಕಿ ಈ ನಿಯಮ ಬರೆದು ಕೊಟ್ಟೆ. ಮೇಲಿನವರು ಈ ಹಾಳೆ ಕೈಬಿಟ್ಟರು. ರಸ್ತೆ ನಾನು ಎಳೆದದ್ದಲ್ಲ.

ಆದರೆ ಅಂಟಿಸುವ ಮೊದಲು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ಆಕ್ಷೇಪಣೆಯಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಜಗಳಕ್ಕೆ ಬೇಸತ್ತಿದ್ದೆ. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲು ಅಂಜಿದೆ. ಅದು ನನ್ನ ತಪ್ಪು. ವಿಚಾರಣೆಗೆ ಬರುತ್ತೇನೆ.’

ಈಗ ಅವಳಿಗೆ ಅಳು ಬಂತು. ತಡೆಯಲಿಲ್ಲ.

ಸಿಟ್ಟು ಪೂರ್ತಿ ಹೋಗಿರಲಿಲ್ಲ. ‘ನೋಡಿ ಸುಮ್ಮನಿದ್ದೆ’ ಅನ್ನುವ ಸಾಲು ಮುಳ್ಳಿನಂತೆ ಒಳಗೇ ಉಳಿಯಿತು. ಆದರೆ ಅಂಥ ಮಾತನ್ನು ತಾನಾಗಿ ಬರೆದು ಕೊಡುವವರು ಎಷ್ಟು ಜನ? ಮರುದಿನ ಆ ಹಾಳೆ ಹಿಡಿದು ಕರಿಸಿದ್ದಪ್ಪನ ಮನೆಗೆ ಹೋದಳು. ಅವನು ಎರಡು ಸಲ ಓದಿಸಿ ಕೇಳಿ, ಪೆನ್ನು ಕೇಳಿದ.

* * *

ಪಂಚಾಯಿತಿಯ ಸಭಾಭವನ ತುಂಬಿತ್ತು. ಫ್ಯಾನಿನ ಕೆಳಗೆ ಅಧಿಕಾರಿ ಸಂಗನಬಸವ ಕಾಗದ ತಿರುವುತ್ತ ಕೂತಿದ್ದರು. ರುಬಿಯಾ ಓಣಿಯ ಆಕ್ಷೇಪಣೆ ಓದಿದಳು, ದ್ವಾರಕಾಬಾಯಿ ಮಾತಾಡಿದರು. ‘ಊರು ಬೆಳೀಬೇಕಲ್ರಿ, ರಸ್ತಾ ಬ್ಯಾಡಂದ್ರ ಹ್ಯಾಂಗ?’ ಅಂತ ಹಿಂದಿನಿಂದ ಯಾರೋ ಕೂಗಿದರು. ಗದ್ದಲವಾಯಿತು.

ಆಗ ಬಾಗಿಲ ಬಳಿ ಜಾಕೀರ್ ಎದ್ದು ನಿಂತ.

“ನಂದೂ ಒಂದು ಆಕ್ಷೇಪಣೆ ಐತ್ರಿ, ಸಾಹೇಬ್ರ.”

ಸಂಗನಬಸವ ಕನ್ನಡಕ ಇಳಿಸಿ ನೋಡಿದರು. “ನಕ್ಷಾ ಮಾಡಿದಾಂವ ನೀನ. ಆಕ್ಷೇಪಣೆನೂ ನೀನ ಕೊಡ್ತೀ ಏನು?”

“ಯಾರು ಬೇಕಾದ್ರೂ ಕೊಡಬಹುದಂತ ನೋಟೀಸಿನ್ಯಾಗ ಐತ್ರಿ.”

“ನಿನ್ನ ಕೆಲಸದ ಮ್ಯಾಲೆ ಇದರ ಪರಿಣಾಮ ಏನಾಗ್ತೈತಿ, ವಿಚಾರ ಮಾಡಿಯೇನು?”

“ಮಾಡೀನ್ರಿ.”

ಅವನು ಜೋರಾಗಿ ಮಾತಾಡಲಿಲ್ಲ. ಮೇಲಿನವರು ಕೈಬಿಟ್ಟ ನಿಯಮಗಳ ಹಾಳೆಗಳನ್ನು ಮೇಜಿನ ಮೇಲಿಟ್ಟ. ರಸ್ತೆಯನ್ನು ಕೆರೆಯ ದಂಡೆಯ ಹಳೇ ಬಂಡಿದಾರಿಯಿಂದ ಸುತ್ತಿಸಿದರೆ ಎರಡೇ ಫರ್ಲಾಂಗು ಹೆಚ್ಚಾಗುತ್ತದೆ ಅಂತ ಅಳತೆ ತೋರಿಸಿದ. ಆಮೇಲೆ ಹೇಳಿದ, “ನನಗ ಮೊದಲ ಗೊತ್ತಿತ್ತು. ನಾ ಅವತ್ತ ಮಾತಾಡಬೇಕಿತ್ತು. ಮಾತಾಡಲಿಲ್ಲ. ಈ ಓಣಿಯವರ ಮುಂದ ಅದನ್ನ ಒಪ್ಪಿಕೊಂತೀನಿ.”

ರುಬಿಯಾ ತಲೆ ಎತ್ತಿದಳು. ಅವನು ಒಮ್ಮೆ ಮಾತ್ರ ಅವಳ ಕಡೆ ನೋಡಿ, ಕಣ್ಣು ತಗ್ಗಿಸಿ, ಹೊರಗೆ ನಡೆದ. ಅವಳು ಜನರ ನಡುವಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಅವನಿರಲಿಲ್ಲ. ಖೋಲಿಗೆ ಬೀಗ. ಫೋನು ಸ್ವಿಚ್ ಆಫ್.

* * *

ಅಕ್ಟೋಬರಿನಲ್ಲಿ ಅಂತಿಮ ನಕ್ಷೆ ಬಂತು.

ರಸ್ತೆ ಕೆರೆಯ ದಂಡೆಗೆ ಸರಿದಿತ್ತು. ಹಳದಿಯ ಮೇಲೆ ಹಸಿರು ಗೀಟುಗಳು. ಯಾವ ಊರಿನ ನಕ್ಷೆಯಲ್ಲೂ ಕಾಣದ ಬಣ್ಣ. ಅಂಚಿಗೆ ‘ವಿಶೇಷ ನಿಯಮಗಳಿಗೆ ಒಳಪಟ್ಟಿದೆ’ ಅನ್ನುವ ಸಾಲು. ಆದರೆ ಓಣಿಯ ತೆಂಕಣ ಅಂಚಿನ ಒಂದು ಪಟ್ಟಿ ಸೈಟುಗಳಿಗೆ ಹೋಗಿತ್ತು. ಎಂಬತ್ತಾರು ಗಿಡ. ವಾರದಲ್ಲಿ ಅಲ್ಲಿ ಗರಗಸದ ಸದ್ದು ಶುರುವಾಯಿತು.

ಓಣಿಯವರು ಪೇಢೆ ಹಂಚಿದರು. ರುಬಿಯಾ ಒಂದು ತುಣುಕು ಬಾಯಿಗೆ ಹಾಕಿಕೊಂಡಳು. ಗೆದ್ದೆವೋ ಸೋತೆವೋ ತಿಳಿಯಲಿಲ್ಲ. ನಾಲ್ಕೈದು ವರ್ಷದ ದಣಿವು ಒಮ್ಮೆಲೇ ಮೈಮೇಲೆ ಬಂದಂತಾಗಿ, ಎರಡು ದಿನ ರಜೆ ಹಾಕಿ ಮಲಗಿದಳು.

ಮೂರನೆಯ ದಿನ ದ್ವಾರಕಾಬಾಯಿ ಬಂದರು.

“ಜಾಕೀರನ ಗುತ್ತಿಗಿ ಕೆಲಸಾ ಆ ಸಭಾದ ದಿನಾನ ಮುಗಿಸಿಬಿಟ್ರಂತ. ಈಗ ಅಳ್ನಾವರದಾಗ ಇದ್ದಾನ, ಸ್ಟೇಶನ್ ಹಿಂದ. ಹೊಲಾ ಅಳದು ಕೊಡೋ ಕೆಲಸಾ ಮಾಡ್ತಾನಂತ.”

“ನಿಮಗ ಹ್ಯಾಂಗ ಗೊತ್ತಾತು, ಕಾಕೂ?”

“ಹುಡುಕಿಸಿದೆ. ನಿನಗ ಹುಡುಕೋ ಮನಸು ಅದ, ತ್ರಾಣ ಇಲ್ಲ ಅಂತ ಕಾಣಿಸ್ತು.”

* * *

ಅಳ್ನಾವರದಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ. ಸ್ಟೇಶನ್ನಿನ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು. ಕಟ್ಟೆಯ ಮೇಲೆ ಕೂತು ಹೊಲ ಅಳೆಯುವ ಸರಪಳಿಯ ಕೆಸರು ಒರೆಸಿ ಗ್ರೀಸು ಹಚ್ಚುತ್ತಿದ್ದ ಜಾಕೀರ್ ತಲೆ ಎತ್ತಿದ. ಎದ್ದು ನಿಂತ. ಕೈಯಲ್ಲಿದ್ದ ಅರಿವೆ ಕೆಳಗೆ ಬಿತ್ತು.

“ರುಬಿಯಾ...!”

“ಫೋನ್ ಯಾಕ ಬಂದ್ ಮಾಡಿದ್ರಿ?”

“ನೀವು ಮಾಡ್ತೀರಂತ ಕಾಯೂದು ಆಗ್ತಿದ್ದಿಲ್ಲ... ಅದಕ್ಕ ನಂಬರ್ ಬದಲಿಸಿದೆ.”

ಅವಳಿಗೆ ನಗು ಬಂತು, ಸಿಟ್ಟೂ ಬಂತು. “ಎಂಥಾ ಮನುಷ್ಯಾರ್ರಿ ನೀವು!”

ಇಬ್ಬರೂ ಕಟ್ಟೆಯ ಮೇಲೆ ಕೂತರು. ನಡುವೆ ಒಂದು ಮೊಳ ಜಾಗ. ಒಂದು ಗೂಡ್ಸ್ ಗಾಡಿ ಗೋವಾದ ಕಡೆ ಹೋಯಿತು.

“ಅವತ್ತ ನಾ ನಿಮ್ಮ ಮಾತು ಕೇಳಬೇಕಿತ್ತು” ಅಂದಳು ರುಬಿಯಾ. “ರಸ್ತಾ ಎಳ್ಯಾಕ ಅನುಕೂಲ ಆತು ಅಂತ ಅಂದೆ. ಆ ಮಾತು ಅನ್ನಬಾರದಿತ್ತು.”

“ನೀವು ಕೇಳಿದ್ರೂ ಅವತ್ತ ನಾ ಅರ್ಧಾನ ಹೇಳ್ತಿದ್ದೆ. ಸುಮ್ಮನಿದ್ದೆ ಅನ್ನೂದು ಬಿಟ್ಟು.” ಅವನು ಕೈ ನೋಡಿಕೊಂಡ. “ಎಂಬತ್ತಾರು ಗಿಡ ಹೋದವಂತ?”

“ಹೋದವು.”

“ನಾ ಮೊದಲ ಬಾಯಿ ಬಿಟ್ಟಿದ್ರ...”

“ಉಳೀತಿದ್ದವೋ ಏನೋ. ಗೊತ್ತಿಲ್ಲ. ಅದನ್ನ ಲೆಕ್ಕಾ ಹಾಕ್ಕೊಂತ ಕೂಡ್ರಾಕ ನಾ ಬಂದಿಲ್ಲ, ಜಾಕೀರ್.”

ಅವನು ಅವಳ ಕಡೆ ತಿರುಗಿದ. ಹೇಳದೆ ವಾಪಸ್ ಹೋದರೆ ಇನ್ನೊಮ್ಮೆ ಇಷ್ಟು ದೂರ ಬರುವ ಧೈರ್ಯ ತನಗಿಲ್ಲ ಅಂತ ಅವಳಿಗೆ ಗೊತ್ತಿತ್ತು.

“ನಾ ದಣದೀನಿ. ಕೆಲಸಕ್ಕಲ್ಲ, ಜಗಳಕ್ಕೂ ಅಲ್ಲ. ಬಾಗಿಲಾ ತಗದು ಒಳಗ ಹೋದ್ರ ಇವತ್ತೇನಾತು ಅಂತ ಕೇಳಾವ್ರಿಲ್ಲ. ಅದಕ್ಕ ದಣದೀನಿ. ನೀವು ಕೇಳ್ತೀರಿ ಅಂತ ಅನ್ನಸ್ತೈತಿ. ಅದಕ್ಕ ಬಂದೀನಿ.”

ಜಾಕೀರನ ಕಣ್ಣು ತುಂಬಿದವು. ಮರೆಮಾಚಲಿಲ್ಲ.

“ನನ್ನ ಹಂತ್ಯಾಕ ಏನೂ ಇಲ್ಲ ರುಬಿಯಾ. ಕೆಲಸಾ ಇವತ್ತು ಐತಿ, ನಾಳೆ ಇಲ್ಲ. ಊರೂ ಇಲ್ಲ. ಮತ್ತ ನಾ ಅಂಜುಬುರುಕ. ನೀವ ನೋಡೀರಿ. ಮತ್ತೊಮ್ಮೆ ಹಿಂಗ ಸುಮ್ಮನಾಗಿ ತಪ್ಪು ಮಾಡಿದ್ರ?”

“ಮೊದಲ ನನಗ ಹೇಳ್ರಿ, ಆಮ್ಯಾಲ ಮಾಡ್ರಿ.”

ಅವನು ನಕ್ಕ. ಮುಖದ ಸುಸ್ತೆಲ್ಲ ಸರಿದು ಒಳಗಿದ್ದ ಇನ್ನೊಬ್ಬ ಮನುಷ್ಯ ಹೊರಗೆ ಬಂದಂತಿತ್ತು ಆ ನಗು. ಮೆಲ್ಲಗೆ ಕೈ ಚಾಚಿದ. ಅವಳು ತನ್ನ ಕೈಯನ್ನು ಅದರಲ್ಲಿ ಇಟ್ಟಳು. ಕೆಸರು, ಗ್ರೀಸು ಎರಡೂ ಮೆತ್ತಿದವು. ಇಬ್ಬರೂ ಒರೆಸಿಕೊಳ್ಳಲಿಲ್ಲ.

“ಒಂದು ಹೇಳ್ಲಿ?” ಅಂದ ಅವನು.

“ಹೇಳ್ರಿ.”

“ಈಗೂ ಅಂಜಿಕಿ ಆಗಾಕತ್ತೈತಿ.”

“ನನಗೂ” ಅಂದಳು ರುಬಿಯಾ, ಕೈ ಬಿಡದೆ. “ಇರ್ಲಿ. ಊಟಾ ಆಗೇತೇನು?”

“ಇಲ್ಲ.”

“ನಂದೂ ಆಗಿಲ್ಲ. ನಡೀರಿ, ಉಣ್ಣೂಣು.”